ಪಕ್ಕದ ಅಂಕಣದ ಪಾಠ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಬಹುಪಾಲು ಶಾಲೆಗಳಲ್ಲಿ ದೈಹಿಕ ಶಿಕ್ಷಕರು ಇದ್ದರೆ ಒಬ್ಬರೇ. ಅವರು ಪಳಗಿದ ಆಟವೇ ಶಾಲೆಯ ಆಟವಾಗುವುದು. ಉಳಿದವು ಕ್ರೀಡಾಕೂಟದ ಹಿಂದಿನ ವಾರದಲ್ಲಷ್ಟೇ ನೆನಪಾಗುವುವು. ಒಂದು ಆಟವನ್ನು ಚೆನ್ನಾಗಿ ಕಲಿಸಬೇಕೆನ್ನುವವರು ಮತ್ತೊಂದು ಆಟದ ಅಂಗಳದಲ್ಲಿ ಶಿಷ್ಯರಾಗಿ ನಿಲ್ಲಬೇಕೆಂಬುದು ನನ್ನ ನಮ್ರ ಅಭಿಪ್ರಾಯ.

ಮೈಸೂರು ಸೀಮೆಯ ಗರಡಿಮನೆಯನ್ನೇ ನೋಡೋಣ. ಪಟ್ಟುಗಳಿಗೆ ಕೈಹಾಕುವ ಮುನ್ನ ಹುಡುಗನು ಮಟ್ಟಿಯ ಮಣ್ಣನ್ನು ಹದಮಾಡುತ್ತಾನೆ, ದಂಡ ಬಸ್ಕಿಗಳಿಂದ ಮೈ ಹುರಿಗೊಳಿಸುತ್ತಾನೆ, ಪೆಟ್ಟಾಗದಂತೆ ಬೀಳುವುದನ್ನು ಕಲಿಯುತ್ತಾನೆ. ಕಬಡ್ಡಿಯಲ್ಲಿ ದಾಳಿಗಾರನ ಕಾಲನ್ನು ಹಿಡಿಯುವವನಿಗೂ ಇದೇ ಹಿಡಿತ, ಇದೇ ಸಮತೋಲ ಬೇಕು. ಆದರೂ ಬೀಳುವ ವಿದ್ಯೆಯನ್ನು ಮೊದಲು ಕಲಿಸುವ ಕಬಡ್ಡಿ ಶಿಕ್ಷಕರೆಷ್ಟು ಮಂದಿ? ಮೊಣಕಾಲು ಉಳುಕಿದ ಮೇಲೆ ಎಚ್ಚರಗೊಳ್ಳುವುದೇ ನಮ್ಮ ರೂಢಿ.

ಖೊಖೊ ಆಟದಲ್ಲಿ ಅಟ್ಟುವ ತಂಡದ ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಾರೆ; ಒಂಬತ್ತನೆಯವರು ಅಟ್ಟುತ್ತಾರೆ. ಒಮ್ಮೆ ದಿಕ್ಕು ಹಿಡಿದವರು ನಡುವೆ ಹಿಂತಿರುಗುವಂತಿಲ್ಲ. ಆದುದರಿಂದ ಕುಳಿತವರೂ ಆಟದ ಮೇಲೆ ಕಣ್ಣಿಟ್ಟಿರಲೇಬೇಕು. ಚೆಂಡು ತನ್ನ ಬಳಿ ಇಲ್ಲದಾಗಲೂ ಆಟಗಾರನು ಆಟದೊಳಗಿರಬೇಕೆಂಬ ಪಾಠಕ್ಕೆ ಹಾಕಿ, ಫುಟ್‌ಬಾಲ್ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರ ಇದ್ದರು. ಹಳ್ಳಿಯ ಆಟವೆಂದು ಇದನ್ನು ಕಡೆಗಣಿಸುವ ಕಾಲ ಕಳೆಯಿತು.

ಆದರೆ ಎರವಲು ತರುವುದರಲ್ಲಿಯೂ ವಿವೇಕ ಬೇಕು. ಪೈಲ್ವಾನನ ತೂಕವು ಖೊಖೊ ಆಟಗಾರ್ತಿಗೆ ಹೊರೆಯಾದೀತು. ಕಸರತ್ತಿನ ಹಿಂದಿರುವ ಕಾರಣವನ್ನರಿತು ತಂದರೆ ಮಾತ್ರ ಅದು ಫಲಿಸುತ್ತದೆ.

ಈ ಮಾತನ್ನಾಡುವ ಅಧಿಕಾರ ನನಗೆ ಒಂದು ತಪ್ಪಿನಿಂದ ಬಂದಿದೆ. ಗರಡಿಗೆ ಹೋಗುತ್ತಿದ್ದ ಹುಡುಗನೊಬ್ಬನಿಗೆ, “ನನ್ನ ತಂಡದಲ್ಲಿ ಆಡುವುದಾದರೆ ಅದನ್ನು ಬಿಡು” ಎಂದಿದ್ದೆ. ಅವನು ಕೆಲವೇ ದಿನಗಳಲ್ಲಿ ಎರಡನ್ನೂ ಬಿಟ್ಟನು. ಆ ವರ್ಷ ನಮಗೆ ಬಂದ ಬಹುಮಾನ ಇಂದು ಯಾರಿಗೂ ನೆನಪಿಲ್ಲ. ಆ ಹುಡುಗನನ್ನು ನಾನು ಮರೆತಿಲ್ಲ.

ಈ ನಾಲ್ಕು ತಾಲ್ಲೂಕುಗಳ ಶಿಕ್ಷಕರು ವರ್ಷಕ್ಕೆರಡು ಬಾರಿಯಾದರೂ ಒಂದೆಡೆ ಸೇರಿ ಪರಸ್ಪರರ ಅಭ್ಯಾಸಕ್ರಮವನ್ನು ನೋಡಲಿ. ಆಡಿ ಅನುಭವವುಳ್ಳ ಹಳೆಯ ವಿದ್ಯಾರ್ಥಿಗಳು ಒಂದು ಶನಿವಾರವನ್ನು ಶಾಲೆಗೆ ಕೊಡಲಿ. ದಾನಿಗಳು ಪಾರಿತೋಷಕದ ಜೊತೆಗೆ, ಮಕ್ಕಳು ನಿರ್ಭಯವಾಗಿ ಬೀಳಲು ಒಂದಿಷ್ಟು ಹದವಾದ ಮಣ್ಣನ್ನೂ ಒದಗಿಸಲಿ.