ಕಂಠವೂ ಉಳಿಯಲಿ, ಕಿಸೆಯೂ ಉಳಿಯಲಿ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಹಾಡಿನ ನಂಟಿಲ್ಲದ ಮನೆ ವಿರಳ. ಒಂದು ಮನೆಯಲ್ಲಿ ಭಾಗವತಿಕೆ, ಇನ್ನೊಂದರಲ್ಲಿ ಹಾರ್ಮೋನಿಯಂ, ಮತ್ತೊಂದರಲ್ಲಿ ಅಜ್ಜಿಯ ಬಾಯಲ್ಲಿ ಮದುವೆಯ ಹಾಡು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ್ದು ಈ ನೆಲದಲ್ಲಿಯೇ. ನೆರೆಯ ಅಂಕೋಲೆಯಲ್ಲಿ, ಕಂಠದಲ್ಲಿಯೇ ಹಾಡುಗಳ ಭಂಡಾರವನ್ನು ಹೊತ್ತಿದ್ದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2017ರಲ್ಲಿ ಪದ್ಮಶ್ರೀ ಪಡೆದು, 2025ರಲ್ಲಿ ಕಣ್ಮರೆಯಾದರು. ಬರೆದಿಡದ ಹಾಡು ಹಾಡುವವರೊಡನೆಯೇ ಹೊರಟುಹೋಗುತ್ತದೆ. ಆದುದರಿಂದ ಮನೆಯ ಹುಡುಗನೋ ಹುಡುಗಿಯೋ “ಧ್ವನಿಮುದ್ರಣಕ್ಕೊಂದು ಲ್ಯಾಪ್‌ಟಾಪ್ ಬೇಕು” ಎಂದರೆ, ಹೆತ್ತವರು ಅದನ್ನು ಬರಿಯ ಶೋಕಿಯೆಂದು ತಳ್ಳಿಹಾಕದಿರಲಿ. ಹಾಗೆಂದು ಅಂಗಡಿಯವನು ತೋರಿಸಿದ್ದಕ್ಕೆಲ್ಲ ತಲೆದೂಗುವುದೂ ಬೇಡ.

ಮೊದಲು ಲೆಕ್ಕ ನೋಡೋಣ. ಉತ್ತಮ ಮಟ್ಟದ ಮುದ್ರಣವೆಂದರೆ ಸೆಕೆಂಡಿಗೆ 48,000 ಮಾದರಿ, ಪ್ರತಿ ಮಾದರಿಗೆ 24 ಬಿಟ್, ಅಂದರೆ 3 ಬೈಟ್. ಎರಡು ಮೈಕುಗಳಾದರೆ ಸೆಕೆಂಡಿಗೆ 2,88,000 ಬೈಟ್. ಗಂಟೆಗೆ ಸುಮಾರು 1 ಜಿಬಿ. ಇಂದಿನ ಸಾಧಾರಣ ಯಂತ್ರಕ್ಕೂ ಇದು ಹೂವಿನ ಭಾರ. 256 ಜಿಬಿಯ ಎಸ್ಎಸ್‌ಡಿಯಲ್ಲಿ 150 ಜಿಬಿ ತೆರವಿದ್ದರೂ ನೂರು ಗಂಟೆಗೂ ಮಿಕ್ಕಿ ಹಾಡು ಹಿಡಿಸುತ್ತದೆ. ಹತ್ತಾರು ಕೃತಕ ವಾದ್ಯಗಳನ್ನು ಗಣಕದೊಳಗೇ ನುಡಿಸುವವರಿಗೆ ಮಾತ್ರ ಬಲಿಷ್ಠ ಯಂತ್ರ ಬೇಕಾದೀತು. ಮದ್ದಳೆ, ಹಾರ್ಮೋನಿಯಂ, ಕಂಠ ಇಷ್ಟೇ ಆದರೆ 8 ಜಿಬಿ ರ್‍ಯಾಮ್ ಸಾಕು. 16 ಇದ್ದರೆ ನೆಮ್ಮದಿ. ಆಟಗಳಿಗೆಂದೇ ಮಾಡಿದ ಗ್ರಾಫಿಕ್ಸ್ ಕಾರ್ಡಿಗೆ ಹಣ ತೆರುವುದು ವ್ಯರ್ಥ. ಅದರ ಬಿಸಿಯನ್ನು ತಣಿಸಲು ತಿರುಗುವ ಫ್ಯಾನಿನ ಸದ್ದು ನಿಮ್ಮ ಹಾಡಿನೊಳಗೇ ಸೇರಿಕೊಂಡೀತು.

ನಿಮ್ಮ ಕೈಯಲ್ಲಿ 45,000 ರೂಪಾಯಿ ಇದೆಯೆಂದಿಟ್ಟುಕೊಳ್ಳಿ. ಅದರಲ್ಲಿ 30,000ಕ್ಕಿಂತ ಹೆಚ್ಚನ್ನು ಲ್ಯಾಪ್‌ಟಾಪಿಗೆ ಸುರಿಯಬಾರದು. ಉಳಿದದ್ದು ಮೈಕು, ಹೆಡ್‌ಫೋನು, ಹಾಗೂ ಮೈಕಿನ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಗೆ ಮೀಸಲಾಗಲಿ. ಧ್ವನಿಯ ಗುಣವನ್ನು ನಿರ್ಧರಿಸುವವು ಇವೇ. ಕೇಳಿದ ಧ್ವನಿಯನ್ನು ಬರೆದಿಡುವುದಷ್ಟೇ ಲ್ಯಾಪ್‌ಟಾಪಿನ ಕೆಲಸ. ತಂತ್ರಾಂಶಕ್ಕೆ ಖರ್ಚೇ ಬೇಡ; 2000ದಲ್ಲಿ ಮೊದಲು ಹೊರಬಂದ ಆಡಾಸಿಟಿ ಇಂದಿಗೂ ಉಚಿತವಾಗಿಯೇ ದೊರೆಯುತ್ತದೆ.

ಹಣ ಸಾಲದಿದ್ದರೆ ಬಳಸಿದ ಯಂತ್ರ ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಕಣ್ಣು ಮಾತ್ರ ತೆರೆದಿರಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ಇಂಟೆಲ್ ಪ್ರೊಸೆಸರಾದರೆ ಎಂಟನೆಯ ತಲೆಮಾರಿನದೋ ಅದಕ್ಕಿಂತ ಈಚಿನದೋ ಆಗಿದ್ದರೆ ಮಾತ್ರ ವಿಂಡೋಸ್ 11 ಅಧಿಕೃತವಾಗಿ ನಡೆಯುತ್ತದೆ. ಇದನ್ನು ವಿಚಾರಿಸದೆ ಮುಂಗಡ ಕೊಡಬೇಡಿ. ಕರಾವಳಿಯ ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಯುಎಸ್‌ಬಿ ಕಿಂಡಿಗಳಲ್ಲಿ ತುಕ್ಕಿನ ಗುರುತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಕೆಟ್ಟರೆ ಊರಲ್ಲೇ ರಿಪೇರಿಯಾದೀತೇ, ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸಬೇಕೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

ಬ್ಯಾಟರಿಯನ್ನು ಅಲಕ್ಷಿಸಬೇಡಿ. ಮಳೆಗಾಲದ ಗಾಳಿಗೆ ಮರ ಬಿದ್ದರೆ ಕರೆಂಟು ಹೋಯಿತೆಂದೇ ಲೆಕ್ಕ. ಇನ್ನೂ ಒಂದು ಲಾಭವುಂಟು. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರಿನ ಮೂಲಕ ಗುಂಯ್‌ಗುಟ್ಟುವ ಸದ್ದು ಮುದ್ರಣದೊಳಕ್ಕೆ ನುಸುಳುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದರೆ ಬಹುಮಟ್ಟಿಗೆ ಅದು ಅಡಗುತ್ತದೆ. ಎರಡು ಗಂಟೆಯಾದರೂ ಬಾಳದ ಬ್ಯಾಟರಿ ನಮ್ಮ ಕಡೆಗೆ ತಕ್ಕದ್ದಲ್ಲ.

ಮಳೆಗಾಲದ ತೊಡಕು ಇನ್ನೂ ಒಂದಿದೆ. ಬಯಲಾಟದ ತಿರುಗಾಟ ನಿಂತು ಕಲಾವಿದರು ಮನೆಯಲ್ಲಿ ಬಿಡುವಾಗಿರುವುದು ಆ ದಿನಗಳಲ್ಲಿಯೇ. ಹೆಂಚಿನ ಮಾಡಿನ ಮೇಲೆ ಮಳೆ ಭೋರ್ಗರೆಯುವುದೂ ಆಗಲೇ! ಉಪ್ಪರಿಗೆಯಿರುವ ಮನೆಯಾದರೆ ಕೆಳಗಿನ ನಡುಕೋಣೆ ಲೇಸು. ಗೋಡೆಗೆ ಕಂಬಳಿ ತೂಗುಹಾಕಿ, ಹಾಸಿಗೆಯನ್ನು ಒರಗಿಸಿಡಿ, ಪ್ರತಿಧ್ವನಿ ತಗ್ಗುತ್ತದೆ. ಚಂಡೆಯಿದ್ದರೆ ಮೈಕನ್ನು ದೂರವಿರಿಸಿ, ಅತ್ಯಂತ ಗಟ್ಟಿ ಪೆಟ್ಟೂ ತೆರೆಯ ಅಳತೆಪಟ್ಟಿಯಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. 24 ಬಿಟ್ಟಿನ ಮುದ್ರಣದಲ್ಲಿ ತಗ್ಗಿದ ಧ್ವನಿಯನ್ನು ಆಮೇಲೆ ಏರಿಸಬಹುದು. ಮಿತಿ ಮೀರಿ ಒಡೆದುಹೋದುದನ್ನು ಪೂರ್ತಿಯಾಗಿ ಸರಿಪಡಿಸಲಾಗದು.

ಕೊಳ್ಳುವ ಮುನ್ನ ಸಾಧ್ಯವಾದರೆ ಹೀಗೆ ಪರೀಕ್ಷಿಸಿ: ಯಂತ್ರಕ್ಕೆ ಇಂಟರ್‌ಫೇಸ್ ಜೋಡಿಸಿ, ವೈಫೈ ಆರಿಸಿ, ಅರ್ಧ ಗಂಟೆ ಎಡೆಬಿಡದೆ ಮುದ್ರಿಸಿ. ಹೆಡ್‌ಫೋನಿನಲ್ಲಿ ಕೇಳಿದಾಗ ನಡುವೆ ಟಿಕ್ ಎಂಬ ಸದ್ದಾಗಲಿ ಕಡಿತವಾಗಲಿ ಇಲ್ಲದಿದ್ದರೆ ಆ ಯಂತ್ರ ನಿಮ್ಮ ಕೆಲಸಕ್ಕೆ ಯೋಗ್ಯ. ಹೊಚ್ಚಹೊಸತಾದರೂ ಈ ಪರೀಕ್ಷೆಯಲ್ಲಿ ಸೋತುದನ್ನು ಬಿಟ್ಟುಬಿಡಿ.

ಕೊನೆಯದಾಗಿ, ಪ್ರತಿ ಮುದ್ರಣದ ಎರಡನೆಯ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ. ಅದರ ಜೊತೆಗೆ ಹಾಡಿದವರ ಹೆಸರು, ಊರು, ತಾರೀಖು, ಹಾಡಿನ ಸಂದರ್ಭ ಇಷ್ಟನ್ನು ಬರೆದಿಡಿ. ಹಾಡಿದವರ ಒಪ್ಪಿಗೆಯಿಲ್ಲದೆ ಅದನ್ನು ಊರಿಗೆಲ್ಲ ಹಂಚಬೇಡಿ. ಐದು ವರ್ಷಕ್ಕೆ ಲ್ಯಾಪ್‌ಟಾಪ್ ಹಳತಾಗುತ್ತದೆ. ಒಳ್ಳೆಯ ಯಂತ್ರವನ್ನು ಮುಂದಿನ ವರ್ಷವೂ ಕೊಳ್ಳಬಹುದು. ಎಂಬತ್ತು ದಾಟಿದ ಕಂಠ ಮಾತ್ರ ನಮ್ಮ ಅನುಕೂಲಕ್ಕಾಗಿ ಕಾಯುವುದಿಲ್ಲ.