ಶ್ವಾನನಿದ್ರೆಯ ಉಪದೇಶ

ವಿದ್ಯಾರ್ಥಿಗೆ ಐದು ಲಕ್ಷಣಗಳಿರಬೇಕೆಂದು ಹೇಳುವ ಸಂಸ್ಕೃತ ಸುಭಾಷಿತವೊಂದುಂಟು. ಕಾಗೆಯ ಚಟುವಟಿಕೆ, ಕೊಕ್ಕರೆಯ ಏಕಾಗ್ರತೆ, ನಾಯಿಯ ನಿದ್ರೆ, ಮಿತಾಹಾರ, ಗೃಹತ್ಯಾಗ. ವರ್ಷಗಟ್ಟಲೆ ತರಗತಿಯಲ್ಲಿ ಅದನ್ನು ಹೇಳಿ, ಮೂರನೆಯದನ್ನು ಒತ್ತಿ ಒತ್ತಿ ವ್ಯಾಖ್ಯಾನ ಮಾಡಿದವನು ನಾನು. ನಿದ್ದೆಗೆಟ್ಟು ಓದಿದವನೇ ಜಾಣನೆಂಬ ಭಾವ ನನ್ನ ಮಾತಿನಿಂದ ಎಷ್ಟು ಮಂದಿಯಲ್ಲಿ ಬೇರೂರಿತೋ, ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ಪರೀಕ್ಷೆಯಲ್ಲಿ ನಾನು ಮೇಲ್ವಿಚಾರಣೆಗಿದ್ದ ಕೊಠಡಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಪ್ರಶ್ನೆಪತ್ರಿಕೆಯನ್ನು ಓದಿ, ಲೇಖನಿ ತೆರೆದು, ಅರ್ಧಗಂಟೆ ಸುಮ್ಮನೆ ಕುಳಿತಿದ್ದಳು. ಹತ್ತಿರ ಹೋಗಿ ವಿಚಾರಿಸಿದೆ. "ಎಲ್ಲಾ ಓದಿದೀನಿ ಸರ್, ಒಂದೂ ನೆನಪಿಗೆ ಬರ್ತಿಲ್ಲ" ಎಂದಳು. ಮೂರು ರಾತ್ರಿಗಳಿಂದ ಎರಡು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲವಂತೆ. ನನ್ನ ವ್ಯಾಖ್ಯಾನವನ್ನು ಶ್ರದ್ಧೆಯಿಂದ ಕೇಳಿಸಿಕೊಂಡಿದ್ದ ಹುಡುಗಿ.

ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಗೊಳ್ಳಲು ರಾತ್ರಿಯ ನಿದ್ದೆ ಬೇಕೆಂಬುದನ್ನು ಇಂದಿನ ವಿಜ್ಞಾನ ಚೆನ್ನಾಗಿ ಬಲ್ಲುದು. ಅಷ್ಟೇಕೆ, ಸುಭಾಷಿತದ ನಾಯಿಯನ್ನೇ ನೋಡಿ. ಸಣ್ಣ ಸದ್ದಾದರೂ ತಟ್ಟನೆ ಏಳುತ್ತದೆ, ನಿಜ. ಆದರೆ ದಿನದ ಹೆಚ್ಚುಕಡಮೆ ಅರ್ಧಭಾಗವನ್ನು ಮಲಗಿಯೇ ಕಳೆಯುತ್ತದೆ! ಚರಕಸಂಹಿತೆಯು ಆಹಾರ, ಬ್ರಹ್ಮಚರ್ಯಗಳೊಡನೆ ನಿದ್ರೆಯನ್ನೂ ಸೇರಿಸಿ ದೇಹದ ಮೂರು ಉಪಸ್ತಂಭಗಳೆಂದು ಎಣಿಸಿದೆ. ಆ ಮಾತನ್ನು ತರಗತಿಯಲ್ಲಿ ಹೇಳಿದ ನೆನಪು ನನಗಿಲ್ಲ.

ಆದರೆ ಬೇಗ ಮಲಗಿರಪ್ಪಾ ಎಂದರೆ ಸಾಲದು. ಕನ್ನಡದಲ್ಲಿ 'ನಿದ್ದೆ ಮಾಡಿದೆ' ಎನ್ನುವುದುಂಟಾದರೂ, ನಿದ್ದೆ 'ಬಂತು', 'ಹತ್ತಿತು' ಎಂಬ ಪ್ರಯೋಗಗಳೇ ಅನುಭವಕ್ಕೆ ಹತ್ತಿರ. ಮಲಗುವುದು ನಮ್ಮ ಕೈಯಲ್ಲಿದೆ, ನಿದ್ದೆ ಬರುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಹಗಲಿನಿಂದಲೇ ದಾರಿ ಮಾಡಿಡಬೇಕು. ಇದನ್ನು ನಾನು ಕಲಿತದ್ದು ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಸಂಜೆ ಆರಕ್ಕೊಂದು, ಎಂಟಕ್ಕೊಂದು ಲೋಟ ಕಾಫಿ ಕುಡಿದು, ನಡುರಾತ್ರಿ ಸೂರಿನ ಜಂತೆ ಎಣಿಸುತ್ತ ಬಿದ್ದುಕೊಂಡಾಗ. ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ಐದು ಗಂಟೆ ಕಳೆದರೂ ಮೈಯಲ್ಲಿ ಉಳಿದಿರುತ್ತದೆ. ದಣಿವಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಅಡಿನೋಸಿನ್ ಎಂಬ ದ್ರವ್ಯ ಬಂದು ಸೇರಬೇಕಾದ ಎಡೆಯಲ್ಲಿ ಅದು ಮೊದಲೇ ಕುಳಿತುಬಿಡುತ್ತದೆ. ದಣಿವು ಹೋಗಿರುವುದಿಲ್ಲ, ಸುದ್ದಿ ಮಾತ್ರ ತಡೆದಿರುತ್ತದೆ. ಮಧ್ಯಾಹ್ನ ಎರಡರ ಮೇಲೆ ಕಾಫಿ ಬಿಟ್ಟೆ. ಮೈಸೂರು ಸೀಮೆಯವನಿಗೆ ಇದು ಸಣ್ಣ ತ್ಯಾಗವಲ್ಲ.

ಕಾಫಿಗಿಂತ ದೊಡ್ಡ ಸಂಗತಿ ಬೆಳಕು. ಹಣ್ಣಿನ ನೊಣವನ್ನು ಅಭ್ಯಸಿಸಿ ಜೀವಿಗಳೊಳಗಿನ ಗಡಿಯಾರದ ಗುಟ್ಟನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂತು. ನಮ್ಮೊಳಗಿನ ಆ ಗಡಿಯಾರವನ್ನು ದಿನದಿನವೂ ಸರಿಹೊಂದಿಸುವುದರಲ್ಲಿ ಬೆಳಗಿನ ಬೆಳಕಿನದೇ ಮುಖ್ಯ ಪಾತ್ರ. ಎದ್ದೊಡನೆ ಅಂಗಳಕ್ಕಿಳಿದು ನೀರು ಚಿಮುಕಿಸಿ ರಂಗೋಲಿಯಿಡುತ್ತಿದ್ದ ನನ್ನ ಅಜ್ಜಿಗೆ ಈ ಶಾಸ್ತ್ರವೇನೂ ತಿಳಿಯದು. ರಾತ್ರಿ ದೀಪವಾರಿಸುವ ಮುನ್ನ ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಂಡು ಮಲಗಿದರೆ ಐದು ನಿಮಿಷದಲ್ಲಿ ಗೊರಕೆ. ನಮ್ಮ ಹಾಸ್ಟೆಲಿನ ಹುಡುಗರಾದರೋ ನಡುರಾತ್ರಿಯವರೆಗೆ ಮೊಬೈಲಿನ ಬೆಳಕನ್ನು ಮುಖಕ್ಕೆ ಹಿಡಿದುಕೊಂಡು, ರಜೆಯ ದಿನ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತಕ್ಕೆ ಏಳುತ್ತಾರೆ. ಬೆಳಗು ಯಾವುದೆಂದು ಆ ಗಡಿಯಾರ ಹೇಗೆ ತಿಳಿಯಬೇಕು?

ತಪ್ಪು ಅವರದೊಂದೇ ಅಲ್ಲ. ಪರೀಕ್ಷೆ ಹತ್ತಿರವಾದಾಗ ಮುಂಜಾನೆ ಆರಕ್ಕೆ ವಿಶೇಷ ತರಗತಿಯಿಟ್ಟು, ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿಗೆ ಟಿಪ್ಪಣಿ ಕಳಿಸುವವರು ಅಧ್ಯಾಪಕರಾದ ನಾವೇ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ, ದೊಡ್ಡವರಿಗೆ ಏಳಕ್ಕೆ ಕಡಮೆಯಾಗದ ನಿದ್ದೆ ಬೇಕೆನ್ನುತ್ತಾರೆ ವೈದ್ಯರು. ನಾವು ಬಿಟ್ಟುಕೊಟ್ಟ ಹೊತ್ತಿನಲ್ಲಿ ಅದನ್ನು ಎಲ್ಲಿ ಸೇರಿಸಬೇಕು?

ನನ್ನ ಮಟ್ಟಿಗೆ, ರಾತ್ರಿ ಎಂಟರ ಮೇಲೆ ಟಿಪ್ಪಣಿ ಕಳಿಸುವುದನ್ನು ನಿಲ್ಲಿಸಿದ್ದೇನೆ. ಸುಭಾಷಿತವನ್ನು ಈಗಲೂ ಹೇಳುತ್ತೇನೆ. ಮೂರನೆಯ ಲಕ್ಷಣಕ್ಕೆ ಬಂದಾಗ ಮಾತ್ರ, ನಾಯಿ ದಿನಕ್ಕೆ ಎಷ್ಟು ಹೊತ್ತು ಮಲಗುತ್ತದೆಂದು ಮೊದಲು ಕೇಳುತ್ತೇನೆ.