ಹೋಗೋದು ಒಂದೇ ಕಡೆ, ದುಡ್ಡು ಯಾಕೆ ಎರಡು ಕಡೆಗೆ?

ಬೆಂಗಳೂರಿಂದ ಶಿವಮೊಗ್ಗಕ್ಕೆ ಹತ್ತಿರ ಹತ್ತಿರ 300 ಕಿಲೋಮೀಟರ್. ಯಾವುದಾದ್ರೂ ಟ್ರಾವೆಲ್ಸ್‌ಗೆ ಫೋನ್ ಮಾಡಿ, "ಅಣ್ಣಾ, ಡ್ರಾಪ್ ಮಾತ್ರ, ನಾವು ವಾಪಸ್ ಬರಲ್ಲ" ಅಂತ ಹೇಳಿ ನೋಡಿ. ಆ ಕಡೆಯಿಂದ ಬರೋ ಉತ್ತರ ಹೆಚ್ಚುಕಮ್ಮಿ ಒಂದೇ: "ಪರವಾಗಿಲ್ಲ, 600 ಕಿಲೋಮೀಟರ್ ಲೆಕ್ಕ ಆಗುತ್ತೆ." ಕಿಲೋಮೀಟರಿಗೆ 13 ರೂಪಾಯಿ ಅಂತ ಇಟ್ಕೊಂಡ್ರೂ 7,800 ರೂಪಾಯಿ. ಅದರ ಮೇಲೆ ಡ್ರೈವರ್ ಬಾಟಾ, ಟೋಲು, ಲೇಟಾಗಿ ಹೊರಟ್ರೆ ನೈಟ್ ಚಾರ್ಜು. ಕಿಲೋಮೀಟರ್ ಶುರುವಾಗೋದು ನಮ್ಮ ಹಾಸ್ಟೆಲ್ ಗೇಟಿಂದ ಅಂತ ಅಂದ್ಕೋಬೇಡಿ, ಅವರ ಶೆಡ್‌ನಿಂದ.

ಜನಶತಾಬ್ದಿ ರೈಲು ಇದೆಯಲ್ಲ ಅಂತೀರಿ. ಇದೆ, ನಾನೂ ಮಾಮೂಲಿ ಅದರಲ್ಲೇ ಹೋಗೋದು. ಆದ್ರೆ ಸೆಮಿಸ್ಟರ್ ಮುಗಿದು ರೂಮ್ ಖಾಲಿ ಮಾಡೋ ದಿನ ಹಾಸಿಗೆ, ಬಕೆಟ್, ಟೇಬಲ್ ಫ್ಯಾನ್, ಒಂದು ವರ್ಷದ ರೆಕಾರ್ಡ್ ಬುಕ್ಕು ಎಲ್ಲಾ ಹೊತ್ಕೊಂಡು ಮೆಜೆಸ್ಟಿಕ್‌ಗೆ ಹೋಗಿ ನೋಡಿ, ಆಮೇಲೆ ಮಾತಾಡೋಣ.

ಹಾಸ್ಟೆಲ್‌ನಲ್ಲಿ ಈ ವಿಷಯ ಬಂದಾಗೆಲ್ಲ ತೀರ್ಪು ರೆಡಿ ಇರುತ್ತೆ: "ಲೂಟಿ ಮಗಾ, ಹಗಲು ದರೋಡೆ." ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ವಾಪಸ್ ಬರೋ ಖರ್ಚು ಕೇಳೋದರಲ್ಲಿ ತಪ್ಪೇನಿಲ್ಲ. ನಾವು ಕೊಟ್ಟ ಆ ವಾಪಸ್ ದುಡ್ಡು ಆಮೇಲೆ ಏನಾಗುತ್ತೆ ಅನ್ನೋದನ್ನ ನಾವು ಯಾರೂ ಕೇಳಲ್ಲವಲ್ಲ, ಜಗಳ ಆಡಬೇಕಾದ ಜಾಗ ಅದು.

ಮೊದಲನೇದು ಮೊದಲು. ಫಸ್ಟ್ ಇಯರ್‌ನಲ್ಲಿ ಎಲ್ಲ ಬ್ರಾಂಚಿನವರೂ ಬೇಸಿಕ್ ಎಲೆಕ್ಟ್ರಿಕಲ್ ಓದಿದ್ದೀವಿ. ಕಿರ್ಕಾಫ್ ಕರೆಂಟ್ ಲಾ ಏನು ಹೇಳುತ್ತೆ? ಒಂದು ನೋಡ್‌ಗೆ ಎಷ್ಟು ಕರೆಂಟ್ ಒಳಗೆ ಬರುತ್ತೋ ಅಷ್ಟೇ ಹೊರಗೆ ಹೋಗಬೇಕು. ಊರನ್ನ ನೋಡ್ ಅಂದ್ಕೊಳ್ಳಿ, ಕಾರನ್ನ ಚಾರ್ಜ್ ಅಂದ್ಕೊಳ್ಳಿ. ದೀಪಾವಳಿ ಹಿಂದಿನ ದಿನ ಬೆಂಗಳೂರಿಂದ ಸಾವಿರ ಗಾಡಿ ಹೊರಗೆ ಹೋಗಿ, ಒಂದೂ ವಾಪಸ್ ಬರಲಿಲ್ಲ ಅಂದ್ರೆ ಮರುದಿನ ಬೆಂಗಳೂರಲ್ಲಿ ಬಾಡಿಗೆಗೆ ಗಾಡಿ ಇರಲ್ಲ, ಶಿವಮೊಗ್ಗ, ಹಾಸನ, ಹುಬ್ಬಳ್ಳಿಯಲ್ಲಿ ನಿಲ್ಸೋಕೆ ಜಾಗ ಇರಲ್ಲ. ಯಾವ ಊರೂ ಅಷ್ಟು ದೊಡ್ಡ ಕೆಪಾಸಿಟರ್ ಅಲ್ಲ. ಹಾಗಾಗಿ ಗಾಡಿ ವಾಪಸ್ ಬರಲೇಬೇಕು, ಒಳಗೆ ಜನ ಇರಲಿ, ಇಲ್ಲದೇ ಇರಲಿ. ಖಾಲಿ ಬಂದ್ರೂ ಡೀಸೆಲ್ ಕುಡಿಯುತ್ತೆ. ಲೀಟರಿಗೆ 20 ಕಿಲೋಮೀಟರ್ ಕೊಡೋ ಗಾಡಿಗೆ 300 ಕಿಲೋಮೀಟರಿಗೆ 15 ಲೀಟರ್ ಬೇಕು, ಲೀಟರ್ 90 ರೂಪಾಯಿ ಅಂದ್ರೆ 1,350. ಜೊತೆಗೆ ಟೈರು, ಸರ್ವಿಸ್, ಗಾಡಿಯ ಇಎಂಐ, ಡ್ರೈವರಿನ ಐದಾರು ಗಂಟೆ.

ಟೋಲ್ ಲೆಕ್ಕದಲ್ಲಿ ಮಾತ್ರ ಒಂದು ವಿಷಯ ನೆನಪಿಟ್ಕೊಳ್ಳಿ. ನ್ಯಾಷನಲ್ ಹೈವೇನಲ್ಲಿ 24 ಗಂಟೆ ಒಳಗೆ ವಾಪಸ್ ಬಂದ್ರೆ ಎರಡೂ ಕಡೆ ಸೇರಿ ಒಂದೂವರೆ ಪಟ್ಟು ಕೊಟ್ರೆ ಸಾಕು ಅಂತ ರೂಲ್ಸ್ ಇದೆ. ಆದ್ರೂ ಬಿಲ್‌ನಲ್ಲಿ "ಟೋಲ್ ಇಂಟು ಎರಡು" ಅಂತ ಬರೆದಿದ್ರೆ ಒಂದು ಮಾತು ಕೇಳೋದರಲ್ಲಿ ಏನೂ ತಪ್ಪಿಲ್ಲ.

ಇದು ನಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದಲ್ಲಿ ಜನ ತಾವೇ ಓಡಿಸೋ ಬಾಡಿಗೆ ಕಾರನ್ನ ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಟ್ಟು ಹೋಗಬಹುದು, ಅದಕ್ಕೆ ಬೇರೆ 'ಡ್ರಾಪ್ ಫೀ' ಕೊಡಬೇಕು. ಎಷ್ಟೋ ಸಲ ಅದು ಕಾರಿನ ಬಾಡಿಗೆಗಿಂತ ಜಾಸ್ತಿ ಆಗುತ್ತೆ. ಮಜಾ ಏನಂದ್ರೆ, ದಿಕ್ಕು ಬದಲಾದ್ರೆ ರೇಟೂ ಬದಲಾಗುತ್ತೆ. ಚಳಿಗಾಲದಲ್ಲಿ ಉತ್ತರದ ಜನ ಬಿಸಿಲು ಹುಡುಕ್ಕೊಂಡು ಫ್ಲಾರಿಡಾಗೆ ಹೋಗ್ತಾರೆ, ಕಾರುಗಳೂ ಅಲ್ಲೇ ಸೇರುತ್ತವೆ. ಚಳಿ ಮುಗಿಯೋ ಹೊತ್ತಿಗೆ ಆ ಕಾರುಗಳನ್ನ ಫ್ಲಾರಿಡಾದಿಂದ ಹೊರಗೆ ಓಡಿಸ್ಕೊಂಡು ಹೋಗೋರಿಗೆ ಕಂಪನಿಗಳೇ ಕಡಿಮೆ ರೇಟು ಕೊಡ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ತಪ್ಪಾದ ಊರಲ್ಲಿ ಸಿಕ್ಕಾಕ್ಕೊಂಡಿರೋ ಕ್ಯಾಂಪರ್ ವ್ಯಾನನ್ನ ಸರಿಯಾದ ಊರಿಗೆ ತಲುಪಿಸೋರಿಗೆ ದಿನಕ್ಕೆ ಒಂದು ಡಾಲರ್ ಬಾಡಿಗೆ. ಕೆಲವು ಸಲ ಪೆಟ್ರೋಲನ್ನೂ ಅವರೇ ಹಾಕಿಸ್ತಾರೆ. ಷರತ್ತು ಇಷ್ಟೇ, ಅವರು ಹೇಳಿದ ತಾರೀಖು, ಅವರು ಹೇಳಿದಷ್ಟೇ ದಿನ. ಒಂದು ದಿಕ್ಕಿಗೆ ಮೈಮೇಲೆ ಬರೋ ರೇಟು, ಇನ್ನೊಂದು ದಿಕ್ಕಿಗೆ ಪುಕ್ಕಟೆ!

ನಮ್ಮಲ್ಲಿ ಸೆಲ್ಫ್ ಡ್ರೈವ್ ಕಾರಿಗೆ (ಕಪ್ಪು ಬೋರ್ಡು, ಹಳದಿ ಅಕ್ಷರ) ಈ ಯೋಗ ಕಡಿಮೆ. ಈಗ ಆ್ಯಪ್‌ಗಳಲ್ಲಿ ಕಾಣೋ ಎಷ್ಟೋ ಕಾರು ಯಾರದ್ದೋ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ನಿಂತಿರೋ ಅವರ ಸ್ವಂತ ಗಾಡಿ. ಅದನ್ನ ಸಾಗರದಲ್ಲಿ ಬಿಟ್ಟು ಬರ್ತೀನಿ ಅಂದ್ರೆ ಅವರು ಸುಮ್ಮನೆ ಇರ್ತಾರಾ?

ಸರಿ, ಖಾಲಿ ಬರೋದಕ್ಕೆ ಖರ್ಚಿದೆ ಅಂತ ಒಪ್ಪಿದ್ವಿ. ಆದ್ರೆ ಗಾಡಿ ಖಾಲಿ ಬರುತ್ತಾ?

ಹೋದ ವರ್ಷ ಎರಡನೇ ಸೆಮ್ ಮುಗಿದಾಗ ನಾವು ನಾಲ್ಕು ಜನ ಸೇರಿ, ಮೇಲೆ ಕ್ಯಾರಿಯರ್ ಇರೋ ಗಾಡಿ ಮಾಡಿಸಿದ್ವಿ. ಒಬ್ಬ ತರೀಕೆರೆ, ಒಬ್ಬ ಭದ್ರಾವತಿ, ಇಬ್ಬರು ಶಿವಮೊಗ್ಗ. ಟ್ರಾವೆಲ್ಸ್‌ನವರು 600 ಕಿಲೋಮೀಟರ್ ಲೆಕ್ಕ ಹಾಕಿದ್ರು, ಕೊಟ್ವಿ. ಕಡೂರಲ್ಲಿ ಟೀ ಕುಡೀತಾ ಇರುವಾಗ ಡ್ರೈವರಿಗೆ ಓನರ್ ಫೋನು. ಸ್ಪೀಕರಲ್ಲಿ ಇತ್ತು, ನಾವು ಕದ್ದು ಕೇಳಿದ್ದಲ್ಲ. "ಬೆಳಗ್ಗೆ ಶಿವಮೊಗ್ಗದಿಂದ ಏರ್‌ಪೋರ್ಟ್ ಡ್ರಾಪ್ ಇದೆ, ಅಲ್ಲೇ ಉಳ್ಕೊ." ಅಂದ್ರೆ ನಾವು ಆಗಲೇ ದುಡ್ಡು ಕೊಟ್ಟಿರೋ 300 ಕಿಲೋಮೀಟರನ್ನ ಇನ್ನೊಬ್ಬರಿಗೆ ಮಾರಿ ಆಯ್ತು.

"ಅಣ್ಣಾ, ವಾಪಸ್ ದುಡ್ಡು ನಾವು ಕೊಟ್ಟಿದ್ದೀವಲ್ಲ?" ಅಂತ ಕೇಳ್ದೆ.

ಅವರು ನಕ್ಕರು. "ನಿಮ್ಮ ದುಡ್ಡೂ ಓನರಿಗೆ, ನಾಳೆಯವರ ದುಡ್ಡೂ ಓನರಿಗೆ ಕಣಪ್ಪ. ನಂಗೆ ಇವತ್ತಿಂದೊಂದು ಬಾಟಾ, ನಾಳೇದೊಂದು ಬಾಟಾ. ರಾತ್ರಿ ಗಾಡೀಲೇ ಮಲಗೋದು."

ಆ ಮಾತು ಕೇಳಿದ ಮೇಲೆ 'ಟ್ಯಾಕ್ಸಿಯವರು ಲೂಟಿ ಮಾಡ್ತಾರೆ' ಅನ್ನೋಕೆ ನಂಗೆ ಬಾಯಿ ಬರಲ್ಲ. ಸ್ಟೀರಿಂಗ್ ಹಿಡಿದಿರೋ ಮನುಷ್ಯನಿಗೆ ಅದರಲ್ಲಿ ಏನೂ ಸಿಗ್ತಿಲ್ಲ.

ಹಾಗಾದ್ರೆ ಆ್ಯಪ್‌ನಲ್ಲಿ ಬರೋ 'ಒನ್ ವೇ ಡ್ರಾಪ್' ಒಳ್ಳೇದಲ್ವಾ? ಮೇಲ್ನೋಟಕ್ಕೆ ಹೌದು. ಎರಡು ಪಟ್ಟು ಇರೋ ಜಾಗದಲ್ಲಿ ಒಂದೂವರೆ ಪಟ್ಟೋ, ಅದಕ್ಕಿಂತ ಕಡಿಮೆಯೋ ತಗೊಳ್ತಾರೆ. ಇದರ ಹಿಂದಿನ ಲೆಕ್ಕ ಸುಲಭ. ವಾಪಸ್ ಗಿರಾಕಿ ಖಂಡಿತ ಸಿಗ್ತಾರೆ ಅಂದ್ರೆ ಒಂದು ಪಟ್ಟು ಸಾಕು, ಯಾರೂ ಸಿಗಲ್ಲ ಅಂದ್ರೆ ಎರಡು ಪಟ್ಟು ಬೇಕು, ಸಿಗೋ ಸಾಧ್ಯತೆ ಅರ್ಧಕ್ಕರ್ಧ ಅಂದ್ರೆ ಒಂದೂವರೆ. ಪ್ರಾಬಬಿಲಿಟಿ ಪೇಪರಿನಲ್ಲಿ ಎರಡು ಮಾರ್ಕಿನ ಪ್ರಶ್ನೆ. ತೊಂದರೆ ಎಲ್ಲಿ ಅಂದ್ರೆ, ಸರಾಸರಿಯಲ್ಲಿ ಲೆಕ್ಕ ಸರಿ ಹೋಗೋದು ನೂರಾರು ಗಾಡಿ ನೋಡ್ಕೊಳ್ಳೋ ಕಂಪನಿಗೆ. ಒಂದೇ ಗಾಡಿ ಇರೋ ಡ್ರೈವರಿಗೆ ಸರಾಸರಿ ಅನ್ನೋದು ಇಲ್ಲ. ಅವನಿಗೆ ಇವತ್ತು ಗಿರಾಕಿ ಸಿಕ್ಕಿದ್ರೆ ಸಿಕ್ತು, ಇಲ್ಲಾಂದ್ರೆ ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ರ ಸಂಜೆ ತನಕ ಕಾದು ಕೈಯಿಂದ ಡೀಸೆಲ್ ಹಾಕಿಸ್ಕೊಂಡು ಹೊರಡಬೇಕು. ನಮಗೆ ಕಡಿಮೆ ಆದ ದುಡ್ಡಿನಲ್ಲಿ ಸ್ವಲ್ಪ ಅವನ ತಲೆ ಮೇಲೆ ಹೋಗಿರುತ್ತೆ. ಅಗ್ಗ ಅಂತ ಖುಷಿ ಪಡೋ ಮುಂಚೆ ಇದೊಂದು ತಿಳ್ಕೊಂಡಿರೋದು ಒಳ್ಳೇದು.

ಖಾಲಿ ಬರೋ ಬದಲು ಅಲ್ಲಿಂದ ಒಬ್ಬೊಬ್ಬರನ್ನೇ ಸೀಟು ಲೆಕ್ಕದಲ್ಲಿ ಹತ್ತಿಸ್ಕೊಂಡು ಬರಬಹುದಲ್ಲ ಅನ್ನೋದು ಸಹಜ. ತುಂಬ ಜನ ಮಾಡ್ತಾರೆ ಕೂಡ. ಆದ್ರೆ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಹಳದಿ ಬೋರ್ಡಿನ ಟ್ಯಾಕ್ಸಿ 'ಕಾಂಟ್ರಾಕ್ಟ್ ಕ್ಯಾರೇಜ್'. ಇಡೀ ಗಾಡಿ ಒಂದು ಒಪ್ಪಂದದ ಮೇಲೆ ಓಡಬೇಕು. ದಾರಿಯಲ್ಲಿ ಸಿಕ್ಕೋರನ್ನ ಹತ್ತಿಸಿ ಇಳಿಸಿ ಬೇರೆ ಬೇರೆ ಟಿಕೆಟ್ ತಗೊಳ್ಳೋದು ಬಸ್ಸಿನ ಕೆಲಸ, ಅದಕ್ಕೆ ಬೇರೆ ಪರ್ಮಿಟ್ಟು. ಹಾಗಾಗಿ ಡ್ರೈವರ್ ಸಿಕ್ಕಿಬಿದ್ರೆ ದಂಡ ಕಟ್ಟಬೇಕು. ನಾಲ್ಕು ಜನ ಒಟ್ಟಾಗಿ ಇಡೀ ಗಾಡಿ ಮಾಡಿಸಿ ಆಮೇಲೆ ತಮ್ಮಲ್ಲೇ ಹಂಚ್ಕೊಂಡ್ರೆ ಅದು ಒಂದೇ ಒಪ್ಪಂದ.

ಇಲ್ಲಿ ನಂಗೆ ಅನ್ಸೋದು ಇಷ್ಟು: ವಾಪಸ್ ದುಡ್ಡು ಕೊಟ್ಟವರೇ ಆ ವಾಪಸ್ ಗಾಡಿಯ ಯಜಮಾನರು. 600 ಕಿಲೋಮೀಟರಿಗೆ ಬಿಲ್ ಮಾಡಿದ ಮೇಲೆ ಆ 300ರಲ್ಲಿ ಯಾರು ಕೂರಬೇಕು ಅನ್ನೋದನ್ನ ನಾನು ಹೇಳಬೇಕು. ಓನರ್ ಅದನ್ನ ಇನ್ನೊಬ್ಬರಿಗೆ ಕೊಡೋದಾದ್ರೆ ನನ್ನ ಬಿಲ್‌ನಲ್ಲಿ ಕಡಿಮೆ ಮಾಡಲಿ, ಡ್ರೈವರಿಗೂ ಒಂದು ಪಾಲು ಕೊಡಲಿ. ಇದನ್ನ ಬುಕ್ ಮಾಡುವಾಗಲೇ ಬಾಯಿಬಿಟ್ಟು ಕೇಳಬೇಕು, ವಾಟ್ಸಾಪ್‌ನಲ್ಲಿ ಬರೆಸ್ಕೋಬೇಕು. ನಮ್ಮ ಕೆಎಸ್ಆರ್‌ಟಿಸಿಯವರೇ ಹೋಗೋ ಬರೋ ಟಿಕೆಟ್ ಒಟ್ಟಿಗೆ ಬುಕ್ ಮಾಡಿದ್ರೆ ವಾಪಸ್ ಟಿಕೆಟ್ ಮೇಲೆ 10 ಪರ್ಸೆಂಟ್ ಕಡಿಮೆ ಮಾಡ್ತಾರೆ. ಸರ್ಕಾರಿ ಬಸ್ಸಿಗೆ ಗೊತ್ತಿರೋ ಲೆಕ್ಕ ಟ್ರಾವೆಲ್ಸ್‌ನವರಿಗೆ ಗೊತ್ತಿರಲ್ವಾ?

ಇನ್ನೊಂದು ದಾರಿ ಇದೆ, ಅದನ್ನ ಹೇಳಿದ್ದು ನಮ್ಮಪ್ಪ. ಲಾರಿಯವರು 'ರಿಟರ್ನ್ ಲೋಡ್' ಸಿಗೋ ತನಕ ಕಾಯ್ತಾರಲ್ಲ, ಟ್ಯಾಕ್ಸಿಗೂ ಅದೇ. ಇಲ್ಲಿಂದ ಗಾಡಿ ಹುಡುಕೋ ಬದಲು ಊರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಫೋನ್ ಮಾಡಿ, "ಬೆಂಗಳೂರಿಗೆ ಬಂದಿರೋ ಗಾಡಿ ಯಾವುದಾದ್ರೂ ವಾಪಸ್ ಬರ್ತಿದೆಯಾ?" ಅಂತ ಕೇಳೋದು. ಶಿವಮೊಗ್ಗ, ಚಿಕ್ಕಮಗಳೂರು, ಹಾಸನದಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಜನ ಬಿಡೋಕೆ ಗಾಡಿ ಬರ್ತಾನೇ ಇರ್ತವೆ, ಎಷ್ಟೋ ಖಾಲಿ ಹೋಗ್ತವೆ. ಆ ಗಾಡಿಗೆ ನಾವೇ ರಿಟರ್ನ್ ಲೋಡು. ಡ್ರೈವರಿಗೆ ಬಂದಿದ್ದೆಲ್ಲಾ ಲಾಭ, ನಮಗೆ ಅರ್ಧದಷ್ಟು ರೇಟು. ಒಂದೇ ಕಷ್ಟ ಅಂದ್ರೆ ಟೈಮು ಅವರದ್ದು. ಬೆಳಗಿನ ಜಾವ ಐದಕ್ಕೆ ಬಾ ಅಂದ್ರೆ ಐದಕ್ಕೇ ಮೂಟೆ ಕಟ್ಕೊಂಡು ನಿಂತಿರಬೇಕು.

ನಮ್ಮ ಕ್ಯಾಂಪಸ್‌ನಲ್ಲೇ ನೋಡಿ. ಕೊನೇ ಪರೀಕ್ಷೆ ದಿನ ಗೇಟ್ ಹತ್ರ ಊರಿಂದ ಮಕ್ಕಳನ್ನ ಕರ್ಕೊಂಡು ಹೋಗೋಕೆ ಖಾಲಿ ಬಂದಿರೋ ಟ್ಯಾಕ್ಸಿಗಳ ಸಾಲು. ಅದೇ ದಿನ ಅದೇ ಊರುಗಳಿಗೆ ಇಲ್ಲಿಂದ ಎರಡು ಪಟ್ಟು ಕೊಟ್ಟು ಹೊರಡೋ ಗಾಡಿಗಳ ಇನ್ನೊಂದು ಸಾಲು. ಇವು ವಾಪಸ್ ಖಾಲಿ. ಅಪ್ಪ ಅಮ್ಮ ಒಂದು ಗಾಡಿಯಲ್ಲಿ ಒಬ್ಬ ಮಗನನ್ನ, ಒಂದು ಹಾಸಿಗೆಯನ್ನ ತಗೊಂಡು ಹೋಗ್ತಾರೆ, ಹಿಂದೆ ಇನ್ನೂ ಒಂದು ಸೀಟು ಖಾಲಿ ಇರುತ್ತೆ. ಇವೆಲ್ಲ ಹೋಗೋದು ಒಂದೇ ರಸ್ತೆಯಲ್ಲಿ: ತುಮಕೂರು, ತಿಪಟೂರು, ಅರಸೀಕೆರೆ, ಕಡೂರು.

ಇದಕ್ಕೆ ದೊಡ್ಡ ಆ್ಯಪ್ ಬೇಡ (ಸಿಎಸ್‌ನವರು ದಯವಿಟ್ಟು ಹ್ಯಾಕಥಾನ್‌ಗೆ ಐಡಿಯಾ ಸಿಕ್ತು ಅಂತ ಓಡಬೇಡಿ). ಕನ್ನಡ ಸಂಘದ ಗ್ರೂಪ್‌ನಲ್ಲಿ ಒಂದು ಶೀಟ್ ಸಾಕು: ಊರು, ತಾರೀಖು, ಎಷ್ಟು ಜನ, ಸಾಮಾನು ಎಷ್ಟು, ಗಾಡಿ ಇಲ್ಲಿಂದ ಹೊರಡೋದಾ ಅಥವಾ ಊರಿಂದ ಬರೋದಾ. ಕೊನೇ ಕಾಲಂನಲ್ಲಿ ಡ್ರೈವರ್ ನಂಬರ್, ಅವರನ್ನ ಕೇಳ್ಕೊಂಡು ಮಾತ್ರ. ಈ ಸೆಮ್‌ನ ಶೀಟನ್ನ ನಾನು ಮಾಡಿ ಹಾಕ್ತೀನಿ. ಶಿವಮೊಗ್ಗ ಕಡೆಯವರು ಸದ್ಯಕ್ಕೆ ಆರು ಜನ ಇದ್ದೀವಿ, ಹುಬ್ಬಳ್ಳಿ ಕಡೆಯವರು ಯಾರೂ ಇನ್ನೂ ಹೇಳಿಲ್ಲ.